ಕಡತದಿಂದ ಕಡತಕ್ಕೆ

ಗಣಕಯಂತ್ರದೊಳಗೆ ಕೂಡಿಟ್ಟ ಬರಹಕ್ಕೆ ಇಂದಿನ ಕನ್ನಡದಲ್ಲಿ ಕಡತವೆಂಬ ಹೆಸರು ರೂಢವಾಗಿದೆ. ಸರಕಾರಿ ಕಚೇರಿಯ ಫೈಲಿಗೂ ಅದೇ ಹೆಸರು. ಆದರೆ ಈ ಶಬ್ದವನ್ನು ಬಳಸುವ ಬಹುಮಂದಿ ಮೂಲದ ಕಡತವನ್ನು ಕಂಡವರಲ್ಲ. ಹುಣಸೆಬೀಜವನ್ನು ಅರೆದು ಬೇಯಿಸಿದ ಸರಿಯಲ್ಲಿ ಇದ್ದಲಿನ ಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ಕಡತ. ಬಳಪದಿಂದ ಬರೆಯುವುದು, ಬೇಡವಾದುದನ್ನು ಒರೆಸಿ ಮತ್ತೆ ಬರೆಯುವುದು. ವರ್ತಕರ ಲೆಕ್ಕವೂ ಮಠಗಳ ಆಯವ್ಯಯವೂ ಅದರಲ್ಲಿಯೇ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ.

ಈ ತಿಂಗಳು ಕಡತದ ಮಾತನ್ನೆತ್ತಲು ಕಾರಣವುಂಟು. ಬಳಗಾನೂರಿನಂಥ ಊರುಗಳಲ್ಲಿಯೂ ಶಾಲೆಯ ದಾಖಲೆ, ಪತ್ತಿನ ಸಂಘದ ಲೆಕ್ಕ, ದಾಸೋಹದ ದವಸದ ಪಟ್ಟಿ ಇವೆಲ್ಲ ಗಣಕಯಂತ್ರವನ್ನು ಸೇರಿವೆ. ಅದನ್ನು ನೋಡಿಕೊಳ್ಳುವಾತ ಸಾಮಾನ್ಯವಾಗಿ ಒಬ್ಬನೇ ತರುಣ. ಆತನಿಗೆ ಬೆಂಗಳೂರಿನಲ್ಲಿ ಕೆಲಸ ದೊರೆತೊಡನೆ ಆ ಯಂತ್ರದ ತಿಳಿವೆಲ್ಲ ಆತನೊಡನೆಯೇ ಬಸ್ಸು ಹತ್ತುತ್ತದೆ. ನಾವು ಬಲ್ಲ ಒಂದು ವಿದ್ಯಾಸಂಸ್ಥೆಯಲ್ಲಿ ಹೀಗೆಯೇ ಆಗಿ, ಮಕ್ಕಳ ವರ್ಗಾವಣೆ ಪತ್ರಕ್ಕಾಗಿ ಪಾಲಕರು ಮೂರು ವಾರ ಅಲೆದರು. ಯಂತ್ರ ಕೆಟ್ಟಿರಲಿಲ್ಲ, ಕಡತಗಳೂ ಅಲ್ಲಿಯೇ ಇದ್ದವು. ತೆಗೆಯುವ ಬಗೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೆ.

ಬಲ್ಲವರು ಹೀಗೆ ಮಾಡುವುದಿಲ್ಲ. ಒಂದು ಕೆಲಸಕ್ಕೆ ಬೇಕಾದ ಆಜ್ಞೆಗಳನ್ನು ಸಾಲಾಗಿ ಬರೆದು, ಹೆಸರಿಟ್ಟು, ಆ ಹೆಸರನ್ನು ಹೇಳಿದೊಡನೆ ಎಲ್ಲವೂ ನಡೆಯುವಂತೆ ಅಣಿಗೊಳಿಸುತ್ತಾರೆ. ಇದಕ್ಕೆ ಸ್ಕ್ರಿಪ್ಟ್ ಎನ್ನುವರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆ ಈ ಪದ್ಧತಿಯನ್ನು ಬೆಳೆಸಿತು. 1991ರಲ್ಲಿ ಬಂದ ಲಿನಕ್ಸ್ ಅದನ್ನು ಬಡ ಸಂಸ್ಥೆಗಳಿಗೂ ಎಟುಕಿಸಿತು. 1996ರ ಆರ್‌ಸಿಂಕ್ ಎಂಬ ಸಾಧನವು ಕಡತದಲ್ಲಿ ಬದಲಾದಷ್ಟು ಭಾಗವನ್ನು ಮಾತ್ರ ಮತ್ತೊಂದು ಯಂತ್ರಕ್ಕೆ ಸಾಗಿಸಬಲ್ಲುದು. ಅದನ್ನು ಪ್ರತಿರಾತ್ರಿ ನಡೆಸೆಂದು ಕ್ರಾನ್ ಎಂಬ ಸಮಯಪಾಲಕನಿಗೆ ಒಂದು ಸಾಲು ಬರೆದರೆ ಸಾಕು. ಆದರೆ ನಮ್ಮ ಭಾಗದವರು ಇಲ್ಲಿ ಎಚ್ಚರದಿಂದಿರಬೇಕು. ಆ ಹೊತ್ತಿಗೆ ವಿದ್ಯುತ್ತು ಹೋಗಿ ಯಂತ್ರ ಆರಿದ್ದರೆ ಕ್ರಾನ್ ಅಂದಿನ ಸರದಿಯನ್ನು ಬಿಟ್ಟೇ ಬಿಡುತ್ತದೆ. ತಪ್ಪಿದ ಕೆಲಸವನ್ನು ನೆನಪಿಟ್ಟು ಮಾಡಲು ಅನಾಕ್ರಾನ್ ಎಂಬುದು ಬೇರೆ ಇದೆ.

ಪುಟ್ಟ ಸ್ಕ್ರಿಪ್ಟಿನ ಬೆಲೆ ಕನ್ನಡಿಗರಿಗೆ ಚೆನ್ನಾಗಿ ತಿಳಿದದ್ದು ಲಿಪಿಯ ವಿಷಯದಲ್ಲಿ. ಯುನಿಕೋಡಿಗೆ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಅಕ್ಷರದ ಆಕಾರಗಳನ್ನು ತುಂಡುತುಂಡಾಗಿ, ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂಡಿಡುತ್ತಿದ್ದರು. ‘ಶಕ್ತಿ’ ಎಂಬಲ್ಲಿ ಮೊದಲು ‘ಕಿ’, ಆಮೇಲೆ ತಕಾರದ ಒತ್ತು. ‘ಸೂರ್ಯ’ ಎಂಬಲ್ಲಿ ಯಕಾರದ ಬಳಿಕ ಅರ್ಕಾವತ್ತು. ಯುನಿಕೋಡಿನಲ್ಲಿಯೋ ಉಚ್ಚಾರಣೆಯ ಕ್ರಮ. ಇವನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸುವ ಪರಿವರ್ತಕವಿಲ್ಲದಿದ್ದರೆ ಹಳೆಯ ಬೆರಳಚ್ಚೆಲ್ಲವೂ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಕಟ್ಟುಗಳನ್ನು ಅರಸಿ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದುದನ್ನು ಬಲ್ಲ ಓದುಗರು, ವಚನಗಳ ಪಠ್ಯವನ್ನು ಯುನಿಕೋಡಿಗೆ ತಂದು ಪದಪದವನ್ನೂ ಹುಡುಕುವಂತೆ ಮಾಡಿದ ‘ವಚನ ಸಂಚಯ’ದ ತರುಣರ ಶ್ರಮವನ್ನೂ ಅದೇ ಸಾಲಿನಲ್ಲಿ ಎಣಿಸಬಹುದು. ನಾವಂತೂ ಎಣಿಸುತ್ತೇವೆ.

ಇನ್ನು ಕೂಡಿಡುವ ಕ್ರಮ. ಆಜ್ಞೆಯನ್ನು ಬರೆದರೆ ಸಾಲದು. ಏಕೆ, ಯಾವ ಯಂತ್ರಕ್ಕೆ, ಯಾವ ದಿನ ಎಂಬುದು ಅದರ ಮೇಲೆಯೇ ಇರಬೇಕು. ಟೀಕೆಯಿಲ್ಲದ ಗ್ರಂಥದ ಪಾಡು ಏನೆಂದು ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಕೂಡದು. ಅದು ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ಬಳಿ ಇರಲಿ. ಪರರ ಸ್ಕ್ರಿಪ್ಟನ್ನು ಓದದೆ ನಡೆಸುವುದು ಅಪಾಯ. ಹಳೆಯ ಪ್ರತಿಗಳನ್ನು ಅಳಿಸುವ ಆಜ್ಞೆಯಲ್ಲಿ ನಕ್ಷತ್ರಚಿಹ್ನೆಯ ಮುಂದೆ ಒಂದು ತೆರಪು ಹೆಚ್ಚಾದರೆ, ಆ ಕೋಶದಲ್ಲಿರುವ ಕಡತಗಳೆಲ್ಲ ಹೋಗುತ್ತವೆ. ಕಪ್ಪು ಕಡತದಲ್ಲಿಯೂ ಒರೆಸಿದ್ದು ಹೋಗುತ್ತಿತ್ತು. 2005ರಲ್ಲಿ ಲಿನಕ್ಸಿನ ಕರ್ತೃವೇ ರಚಿಸಿದ ಗಿಟ್ ಎಂಬುದರಲ್ಲಿ ಆ ಕೊರತೆಯಿಲ್ಲ. ಅದಕ್ಕೆ ಒಪ್ಪಿಸಿದ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವರ ಹೆಸರು, ದಿನಾಂಕಗಳೊಡನೆ ಉಳಿಯುತ್ತದೆ.

ಇಷ್ಟಾದರೂ ಒಂದು ಪ್ರತಿ ಕಾಗದದ ಮೇಲೆ, ಕನ್ನಡದ ವಿವರಣೆಯೊಡನೆ, ಸಂಸ್ಥೆಯ ಕಪಾಟಿನಲ್ಲಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಯಂತ್ರವೇ ಏಳದಿದ್ದಾಗ ಯಂತ್ರದೊಳಗಿನ ಟಿಪ್ಪಣಿಯನ್ನು ಓದುವವರಾರು? ಆಡಳಿತ ಮಂಡಳಿಯವರು ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ, ಆ ಯಂತ್ರವನ್ನು ಮುಟ್ಟದ ಬೇರೊಬ್ಬ ತರುಣನ ಕೈಗೆ ಈ ಟಿಪ್ಪಣಿಯನ್ನು ಕೊಟ್ಟು, ಯಾರನ್ನೂ ಕೇಳದೆ ಕಳೆದ ವರ್ಷದ ಒಂದು ದಾಖಲೆಯನ್ನು ಮರಳಿ ತೆಗೆದು ತೋರಿಸುವಂತೆ ಹೇಳಲಿ. ಆತ ಎಲ್ಲಿ ತಡೆದು ನಿಲ್ಲುವನೋ ಅಲ್ಲಿ ಇನ್ನೊಂದು ಸಾಲು ಬರೆಯಬೇಕು.