ಮಾತು ಬಾರದ ಮಗುವಿನ ಕೈಗೊಂದು ಚಿತ್ರ

"ಮಗನಿಗೆ ನಾಲ್ಕು ವರ್ಷ ತುಂಬಿತು. ಮಾತಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ನನಗೆ ಅರ್ಥವಾಗದಿದ್ದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ವೈದ್ಯರು ಆಟಿಸಂ ಎಂದರು. ಅತ್ತೆ ಮಾತ್ರ, ಗಂಡು ಮಕ್ಕಳಿಗೆ ಮಾತು ತಡ, ಸುಮ್ಮನಿರು ಅನ್ನುತ್ತಾರೆ. ಎರಡು ಸಾವಿರ ರೂಪಾಯಿ ಕೊಟ್ಟು ಚಿತ್ರದ ಕಾರ್ಡುಗಳನ್ನು ತರಿಸಿದೆ. ಅವನು ಅವನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಾನೆ, ಅಷ್ಟೆ."

ಕಳೆದ ತಿಂಗಳು ಸಹೋದರಿಯೊಬ್ಬರು ಫೋನಿನಲ್ಲಿ ಇಷ್ಟು ಹೇಳಿ ಅತ್ತೇಬಿಟ್ಟರು. ಮೊದಲು ಒಂದು ಮಾತು: ಆಟಿಸಂ ತಾಯಿಯ ತಪ್ಪಿನಿಂದ ಬರುವುದಲ್ಲ. ಅಮ್ಮನ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಹಿಂದೆ ವಿದೇಶದ ವೈದ್ಯರೇ ನಂಬಿದ್ದರು. ಆ ನಂಬಿಕೆ ಸುಳ್ಳೆಂದು ಸಾಬೀತಾಗಿ ದಶಕಗಳೇ ಕಳೆದಿವೆ.

ಇನ್ನು ಕಾರ್ಡುಗಳ ವಿಷಯ. ಅವುಗಳಲ್ಲಿ ಏನಿತ್ತು ಎಂದು ಕೇಳಿದೆ. ಜೀಬ್ರಾ, ವಿಮಾನ, ಅನಾನಸ್! ಬಾಯಾರಿದ ಮಗುವಿಗೆ ಜೀಬ್ರಾ ಏಕೆ? ಅವನಿಗೆ ಬೇಕಾದದ್ದು ವಸ್ತುಗಳ ಹೆಸರಲ್ಲ, ಕೇಳುವ ದಾರಿ. ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಚಿತ್ರ ವಿನಿಮಯ ಪದ್ಧತಿ ಇಲ್ಲಿಂದಲೇ ಶುರುವಾಗುತ್ತದೆ. ಮಗು ಚಿತ್ರವನ್ನು ನಮ್ಮ ಕೈಗೆ ಕೊಡಬೇಕು, ನಾವು ತಕ್ಷಣ ಆ ವಸ್ತುವನ್ನು ಕೊಡಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮಗು ದಿನವೂ ನೀರು ಕುಡಿಯುವ ಅದೇ ಲೋಟ, ಅವನಿಷ್ಟದ ಬಿಸ್ಕತ್ತು, ಅವನ ಚೆಂಡು, ಇವುಗಳ ಫೋಟೋ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ. ಹಳೆಯ ರಟ್ಟಿಗೆ ಅಂಟಿಸಿ, ಮೇಲೆ ಅಗಲದ ಸೆಲ್ಲೋಟೇಪ್ ಹಚ್ಚಿ. ಮೊದಲ ದಿನಗಳಲ್ಲಿ ಇಬ್ಬರು ಬೇಕು. ತಾಯಿ ಎದುರಿಗೆ ಬಿಸ್ಕತ್ತು ಹಿಡಿದು ಕೂರಲಿ. ಅದಕ್ಕಾಗಿ ಮಗು ಕೈಚಾಚಿದಾಗ, ಹಿಂದೆ ಕುಳಿತ ಅಪ್ಪನೋ ಅಕ್ಕನೋ ಅವನ ಕೈ ಹಿಡಿದು ಕಾರ್ಡನ್ನು ಎತ್ತಿಸಿ ತಾಯಿಯ ಅಂಗೈಗೆ ಇಡಿಸಲಿ. "ಏನು ಬೇಕು? ಹೇಳು, ಹೇಳು" ಎಂದು ಒತ್ತಾಯಿಸಬೇಡಿ. ಕೊಡುವಾಗ "ಬಿಸ್ಕತ್ತು" ಎಂದು ಒಮ್ಮೆ ಹೇಳಿದರೆ ಸಾಕು. ಹಿಂದಿನವರ ಸಹಾಯವನ್ನು ದಿನ ಕಳೆದಂತೆ ಕಡಿಮೆ ಮಾಡುತ್ತಾ ಬನ್ನಿ. ಮುಂದೆ "ಬೇಡ" ಎನ್ನಲಿಕ್ಕೂ ಒಂದು ಕಾರ್ಡು ಮಾಡಿ. ನಾವು ಮರೆಯುವುದು ಇದನ್ನೇ. ಬೇಡ ಎನ್ನಲು ದಾರಿ ಸಿಕ್ಕಿದ ಎಷ್ಟೋ ಮಕ್ಕಳಲ್ಲಿ ಕಚ್ಚುವುದು, ಕಿರುಚುವುದು ಕಡಿಮೆಯಾಗುತ್ತದೆ.

ಚಿತ್ರ ಕೊಟ್ಟರೆ ಮಗು ಮಾತೇ ಕಲಿಯದು ಎಂಬ ಭಯ ಹಲವರಿಗಿದೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದೆ. ಎಲ್ಲರಿಗೂ ಮಾತು ಬಂದೇ ಬರುತ್ತದೆಂದು ನಾನು ಹೇಳಲಾರೆ, ಹಾಗೆ ಹೇಳಿ ಹಣ ಕೇಳುವವರನ್ನು ನಂಬಲೂಬೇಡಿ.

ಕೇಳುವುದನ್ನು ಕಲಿತ ಮೇಲೆ, ಹಲ್ಲುಜ್ಜುವುದು, ತಿಂಡಿ, ಆಟ, ಸ್ನಾನ ಹೀಗೆ ದಿನದ ಕೆಲಸಗಳ ಚಿತ್ರಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿ. ಮುಗಿದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಲಿ. ಮುಂದೇನೆಂದು ತಿಳಿದರೆ ಅವನ ಗಾಬರಿ ಇಳಿಯುತ್ತದೆ. ಹಬ್ಬದ ದಿನ ನೆಂಟರು ತುಂಬಿದ ಮನೆಯಲ್ಲಿ ಇದು ಇನ್ನೂ ಮುಖ್ಯ.

ಮಾತು ತಡವಾದ ಯಾವುದೇ ಮಗುವಿಗೆ ಕಿವಿಯ ಪರೀಕ್ಷೆ ತಪ್ಪಿಸಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕಿದ ಮಕ್ಕಳಿಗೆ 6ರಿಂದ 18ರ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂತಹ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದೂ ಅದು ಹೇಳುತ್ತದೆ. ಶಾಲೆಯಲ್ಲಿ ಸಂಕೋಚವಿಲ್ಲದೆ ಕೇಳಿ. ಪ್ರಮಾಣಪತ್ರ ಮಾಡಿಸಿದರೆ ಮಗಳ ಮದುವೆಗೆ ತೊಂದರೆ ಎಂದು ಅದನ್ನೇ ಮುಂದೂಡುವ ಮನೆಗಳನ್ನು ಕಂಡು ಬೇಸರವಾಗುತ್ತದೆ.

ಆ ಸಹೋದರಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಹನ್ನೆರಡನೇ ದಿನ ಮಗ ಯಾರೂ ಕೈ ಹಿಡಿಯದೆ ಲೋಟದ ಕಾರ್ಡು ಎತ್ತಿಕೊಂಡು ಹೋದನಂತೆ, ಅವರ ಬಳಿಗಲ್ಲ, ಅಡುಗೆಮನೆಯಲ್ಲಿದ್ದ ಅಜ್ಜಿಯ ಬಳಿಗೆ. ಈಗ ಅತ್ತೆಯೇ ಹಳೆಯ ಮಿಠಾಯಿ ಡಬ್ಬಿಗಳ ರಟ್ಟು ಕತ್ತರಿಸಿ ಇಡುತ್ತಿದ್ದಾರಂತೆ.