ಹಳೆಯ ಕಾರು: ಬೆಲೆ ಮೊದಲೋ, ಬ್ರೇಕು ಮೊದಲೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮನೆಯೊಂದು ಊರಿನಲ್ಲಿ, ಕೆಲಸವೊಂದು ಊರಿನಲ್ಲಿ ಆಗಿರುವವರು ಅನೇಕರು. ಶಾಲೆಯ ಉಪಾಧ್ಯಾಯರು, ಸಕ್ಕರೆ ಕಾರ್ಖಾನೆಯ ನೌಕರರು, ಸೀರೆಯ ವ್ಯಾಪಾರಿಗಳು ದಿನವೂ ದೂರದ ದಾರಿ ಸವೆಸುತ್ತಾರೆ. ಇಂಥ ಮನೆಗಳಲ್ಲಿ ಹಳೆಯ ಸಣ್ಣ ಕಾರೊಂದನ್ನು ಕೊಳ್ಳುವ ಮಾತು ಬಂದಾಗ ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಎಷ್ಟಕ್ಕೆ ಬರುತ್ತದೆ? ಲೀಟರಿಗೆ ಎಷ್ಟು ಓಡುತ್ತದೆ? ಇವೆರಡೂ ಕೊನೆಯಲ್ಲಿ ಕೇಳತಕ್ಕ ಪ್ರಶ್ನೆಗಳೆಂದು ನನ್ನ ಅಭಿಪ್ರಾಯ.

ಇಂಧನದ ಲೆಕ್ಕವನ್ನೇ ಮೊದಲು ನೋಡೋಣ. ಹೋಗಿಬರಲು ದಿನಕ್ಕೆ 100 ಕಿಲೋಮೀಟರು, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ 30,000 ಕಿಲೋಮೀಟರು ಆಯಿತು. ಲೀಟರಿಗೆ 20 ಕಿಲೋಮೀಟರು ಓಡುವ ಕಾರಿಗೆ 1,500 ಲೀಟರು ಬೇಕು. 18 ಓಡುವುದಕ್ಕೆ ಸುಮಾರು 1,667 ಲೀಟರು. ಲೀಟರಿಗೆ 100 ರೂಪಾಯಿ ಎಂದು ಎಣಿಸಿದರೆ ವ್ಯತ್ಯಾಸ ವರ್ಷಕ್ಕೆ 16,700 ರೂಪಾಯಿ. ಇದು ಅಲ್ಪವಲ್ಲ. ಆದರೆ ಸವೆದ ಎಂಜಿನ್ನನ್ನು ಒಮ್ಮೆ ಬಿಚ್ಚಿ ಕಟ್ಟಿಸುವ ಪ್ರಸಂಗ ಬಂದರೆ ಈ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಇನ್ನು, ಹಣದಿಂದ ತುಂಬಿಕೊಡಲಾಗದ ನಷ್ಟವೊಂದಿದೆ. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಅಡ್ಡಿಯನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಬೇಕೆಂದರೆ ಆ 22 ಮೀಟರು ಹಾಗೆಯೇ ಕಳೆಯಿತು. ಬಳಿಕ ಒಣ ರಸ್ತೆಯಲ್ಲಿ, ಘರ್ಷಣಾಂಕ 0.7 ಇದ್ದಾಗ, ನಿಲ್ಲಲು 36 ಮೀಟರು ಬೇಕು. ಒಟ್ಟು 58 ಮೀಟರು. ಮಳೆಗಾಲದಲ್ಲಿ ಹೊಲದಿಂದ ಬಂದ ಗಾಲಿಗಳು ಕಪ್ಪುಮಣ್ಣನ್ನು ರಸ್ತೆಗೆ ಮೆತ್ತಿದ್ದು, ಘರ್ಷಣೆ ಅರ್ಧಕ್ಕೆ ಇಳಿದರೆ ಅದೇ ದೂರ 94 ಮೀಟರಾಗುತ್ತದೆ. ಕಬ್ಬಿನ ಸುಗ್ಗಿಯ ರಾತ್ರಿಯಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರೊಂದು ಎದುರಿಗೆ ಕಾಣಿಸಿಕೊಂಡರೆ ಅಷ್ಟು ದೂರ ನಮಗೆ ದೊರೆಯುವುದೆ?

ಚಕ್ರಗಳು ಪೂರ್ತಿ ಬಿಗಿದು ಜಾರತೊಡಗಿದರೆ ಸ್ಟೀರಿಂಗು ತಿರುಗಿಸಿದರೂ ಕಾರು ತಿರುಗದು. ಎಬಿಎಸ್ ಎಂಬ ಏರ್ಪಾಡು ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿದು, ಚಕ್ರಗಳು ಬಿಗಿದುಕೊಳ್ಳದಂತೆ ನೋಡಿಕೊಳ್ಳುತ್ತದೆ. ದೂರವನ್ನು ಅದು ಯಾವಾಗಲೂ ಕಡಿಮೆ ಮಾಡಲಾರದು. ಆದರೆ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಅವಕಾಶವನ್ನು ಉಳಿಸುತ್ತದೆ. ನಮ್ಮ ದೇಶದ ಹೊಸ ಕಾರುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್, ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗು ಕಡ್ಡಾಯವಾದವು. ಆದ್ದರಿಂದ ದೂರದ ನಿತ್ಯಪ್ರಯಾಣಕ್ಕೆ ಅದರ ನಂತರ ತಯಾರಾದ ಕಾರನ್ನೇ ಆರಿಸಬೇಕೆಂಬುದು ನನ್ನ ಮೊದಲ ನಿಯಮ. 1983ರಿಂದ 2014ರ ವರೆಗೆ ತಯಾರಾದ ಮಾರುತಿ 800 ನಮ್ಮ ಮಧ್ಯಮ ವರ್ಗಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೂ ಅದು ಇಂದು ಊರೊಳಗಿನ ಓಡಾಟಕ್ಕೆ ತಕ್ಕದ್ದೇ ಹೊರತು ಹೆದ್ದಾರಿಗಲ್ಲ. ಹಣ ಸಾಲದೆ ಹಳೆಯದನ್ನೇ ಕೊಳ್ಳಬೇಕಾದರೆ ವೇಗವನ್ನಾದರೂ 60ಕ್ಕೆ ಇಳಿಸಿರಿ: 36 ಮೀಟರು 20 ಮೀಟರಾಗುತ್ತದೆ.

ಎರಡನೆಯದು ಯಂತ್ರದ ಪರೀಕ್ಷೆ. ಎತ್ತು ಕೊಳ್ಳುವ ರೈತನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಕಾರು ಕೊಳ್ಳುವವರು ಮಾತ್ರ ಓಡಿದ ದೂರದ ಅಂಕಿಯೊಂದನ್ನೇ ನಂಬಿ ಬಿಡುತ್ತಾರೆ. ಆ ಅಂಕಿಯನ್ನು ತಿದ್ದುವುದು ಕಷ್ಟವಲ್ಲ; ಸವೆದ ಪೆಡಲಿನ ರಬ್ಬರು, ನುಣುಪಾದ ಸ್ಟೀರಿಂಗು, ಕುಸಿದ ಆಸನ ಇವು ನಿಜವನ್ನು ಹೇಳುತ್ತವೆ. ಅಂಕಿ ಸತ್ಯವಾಗಿದ್ದರೂ ಅದೊಂದೇ ಪ್ರಮಾಣವಲ್ಲ. ಎಂಜಿನ್ನು ಹೆಚ್ಚು ಸವೆಯುವುದು ತಣ್ಣಗಿದ್ದು ಚಾಲೂ ಆಗುವ ಹೊತ್ತಿನಲ್ಲಿ. ಊರೊಳಗೆ ನೂರು ಸಲ ನಿಂತು ಹೊರಟ ಕಾರಿಗಿಂತ, ಹೆದ್ದಾರಿಯಲ್ಲಿ ಸಮವೇಗದಿಂದ ಹೆಚ್ಚು ದೂರ ಓಡಿದ ಕಾರು ಎಷ್ಟೋ ಸಲ ಗಟ್ಟಿಯಾಗಿರುತ್ತದೆ.

ಆದ್ದರಿಂದ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ ನೋಡತಕ್ಕದ್ದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪುನೀರು ಉರುಳೆಯೊಳಗೆ ಸೋರುತ್ತಿರಬಹುದು. ಟೈರಿನ ಬದಿಯ ನಾಲ್ಕು ಅಂಕಿಗಳು ಅದರ ವಯಸ್ಸನ್ನು ತಿಳಿಸುತ್ತವೆ: 2319 ಎಂದರೆ 2019ರ 23ನೆಯ ವಾರ.

ನಮ್ಮ ಸೀಮೆಯಲ್ಲಿ ಮತ್ತೊಂದು ಎಚ್ಚರ ಅಗತ್ಯ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಹರಿದವು. ಸಾಂಗಲಿ, ಕೊಲ್ಹಾಪುರಗಳೂ ಆಗ ನೀರಿನಲ್ಲಿ ಮುಳುಗಿದ್ದವು. ನೆರೆಯಲ್ಲಿ ನಿಂತ ಕಾರು ತೊಳೆದ ಮೇಲೆ ಹೊಸದರಂತೆ ಹೊಳೆಯಬಹುದು. ತಂತಿಗಳ ಕೂಡುಗಳಲ್ಲಿ ಹಿಡಿದ ತುಕ್ಕು ವರ್ಷಗಳ ಮೇಲೆ ಕೈಕೊಡುತ್ತದೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆಯಿದೆಯೇ ನೋಡಿರಿ. ನೆಲದ ಹಾಸನ್ನು ಎತ್ತಿ ನೋಡಿರಿ. ಗಡಿಯಾಚೆಯ ಕಾರಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆಯೂ ಬೀಳುತ್ತದೆ. ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯದು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಮರೆಯಬಾರದು.

ಇಷ್ಟಾದ ಮೇಲೆ ಯಾವ ಕಾರು? ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಟಿಯಾಗೊ ಇವುಗಳಲ್ಲಿ ಯಾವುದು ಮೇಲೆಂದು ವಾದಿಸುವುದಕ್ಕಿಂತ, ಬಿಡಿಭಾಗವೂ ಬಲ್ಲ ಮೇಸ್ತ್ರಿಯೂ ನಿಮ್ಮ ಊರಿನಲ್ಲೇ ದೊರೆಯುವ ಕಾರು ಯಾವುದೆಂದು ವಿಚಾರಿಸುವುದು ಲೇಸು. ಕೊಳ್ಳುವ ಮೊದಲೇ ಆ ಮೇಸ್ತ್ರಿಗೆ ತೋರಿಸಿದರೆ ಇನ್ನೂ ಲೇಸು.

ವಿದ್ಯಾರ್ಥಿ ಮಿತ್ರರೇ, ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದೆಂದು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದ ದಿನ ಆ ಸೂತ್ರವನ್ನು ಹಿರಿಯರ ಮುಂದೆ ವಿನಯದಿಂದ ಬಿಡಿಸಿ ಹೇಳಿರಿ. ದಿನವೂ ಆ ದಾರಿಯಲ್ಲಿ ಹೋಗಿ ಸಂಜೆ ಮರಳಬೇಕಾದವರು ನಿಮ್ಮ ತಂದೆಯೋ ತಾಯಿಯೋ ಆಗಿರುತ್ತಾರೆ.