ನಿಂತ ಕಾರಿನಲ್ಲಿ ಹರಿಯುವ ಕರೆಂಟು

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಸಣ್ಣ ಕಾರು ವಾರದಲ್ಲಿ ಆರು ದಿನ ಬೇವಿನ ಮರದ ಕೆಳಗೆ ನಿಂತೇ ಇರುತ್ತದೆ. ಗುರುವಾರ ಮಾತ್ರ ಅದಕ್ಕೆ ಕೆಲಸ. ಪಾರ್ಶ್ವವಾಯುವಿನಿಂದ ಬಳಲುತ್ತಿರುವ ಪತ್ನಿಯನ್ನು ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಬೇಕು. ಊರಿನ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ ಇರುವುದು ಕಂಟೋನ್ಮೆಂಟಿನಲ್ಲೇ. ಹತ್ತು ನಿಮಿಷದ ದಾರಿ. ಆದರೆ ಆಟೋ ಹತ್ತಿ ಇಳಿಯುವುದು ಆಕೆಗೆ ಆಗದ ಮಾತು.

ಕಳೆದ ಬೇಸಿಗೆಯ ಒಂದು ಗುರುವಾರ ಬೆಳಿಗ್ಗೆ ಗೇಟಿನ ಬಳಿ ನಿಂತು ಕೂಗಿದರು. "ಮೇಷ್ಟ್ರೇ, ಮತ್ತೆ ಕೈ ಕೊಡ್ತು ನೋಡ್ರಿ. ಹುಡುಗರನ್ನ ಕರೀರಿ, ತಳ್ಳಬೇಕು."

ಅದು ಒಂದೇ ವರ್ಷದಲ್ಲಿ ಹಾಕಿಸಿದ ಎರಡನೆಯ ಬ್ಯಾಟರಿ. ಮೊದಲ ಸಲ "ಹಳೆಯದಾಯಿತು, ಹೊಸದು ಹಾಕಿಸಿಬಿಡಿ" ಎಂದು ಸಲಹೆ ಕೊಟ್ಟವನು ನಾನೇ. ಈಗ ಅಂಗಡಿಯವರು "ಈ ಬಿಸಿಲಿಗೆ ಬ್ಯಾಟರಿ ಬಾಳಲ್ಲ" ಎಂದು ಮೂರನೆಯದಕ್ಕೆ ಲೆಕ್ಕ ಹೇಳಿದ್ದರಂತೆ. ಪಿಂಚಣಿಯ ದುಡ್ಡು. ನೋಡದೆ ಉತ್ತರ ಬರೆಯುವ ಮಕ್ಕಳನ್ನು ಗದರುವವನು ನಾನು; ನಾನೇ ಹಾಗೆ ಮಾಡಿದ್ದಕ್ಕೆ ನಾಚಿಕೆಯಾಯಿತು.

ಅಂಗಡಿಯವರ ಮಾತು ಪೂರ್ತಿ ಸುಳ್ಳೇನಲ್ಲ. ಕಾರಿನಲ್ಲಿರುವುದು ಸೀಸ-ಆಮ್ಲದ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ವಿಧಾನವೇ ಇಂದಿಗೂ ನಡೆದು ಬಂದಿದೆ. ತಲಾ ಸುಮಾರು 2.1 ವೋಲ್ಟಿನ ಆರು ಕೋಶಗಳು ಸರಣಿಯಲ್ಲಿ ಜೋಡಿಸಿರುತ್ತವೆ. ಶಾಖ ಹೆಚ್ಚಿದಷ್ಟೂ ಒಳಗಿನ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಬಳಸದೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ, ನೀರೂ ಬೇಗ ಆರುತ್ತದೆ. 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊಸ ಬ್ಯಾಟರಿ ಒಂದೆರಡು ವಾರದಲ್ಲೇ ಮಲಗಬೇಕಾದರೆ ಬಿಸಿಲೊಂದೇ ಸಾಲದು.

ಆರೋಪಿಗಳು ಇಬ್ಬರು: ಬ್ಯಾಟರಿ ಮತ್ತು ಕಾರು. ಇಬ್ಬರನ್ನೂ ಬೇರೆ ಮಾಡಿ ವಿಚಾರಿಸಬೇಕು. ಅಂದು ಹೇಗೋ ತಳ್ಳಿ ಆಸ್ಪತ್ರೆಗೆ ಹೋಗಿ ಬಂದದ್ದಾಯಿತು. ಸಂಜೆ ಮಲ್ಟಿಮೀಟರ್ ಹಿಡಿದರೆ 11.8 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ 12.6 ತೋರಿಸಬೇಕು, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದರೆ ಹೆಚ್ಚುಕಡಿಮೆ ಬರಿದು. ಬ್ಯಾಟರಿಯನ್ನು ಹೊರಗೆ ತೆಗೆದು ರಾತ್ರಿಯಿಡೀ ಚಾರ್ಜ್ ಮಾಡಿ, ಯಾವ ತಂತಿಯನ್ನೂ ಕೊಡದೆ ಎರಡು ದಿನ ನೆರಳಿನಲ್ಲಿಟ್ಟೆವು. ಭಾನುವಾರ ಬೆಳಿಗ್ಗೆಯೂ 12.6 ಇತ್ತು. ಬ್ಯಾಟರಿ ನಿರ್ದೋಷಿ!

ಇನ್ನು ಕಾರಿನ ಸರದಿ. ಹಿರಿಯರ ಮೊಮ್ಮಗ ಹತ್ತನೆಯ ತರಗತಿ. "ಅಮ್ಮೀಟರನ್ನು ಮಂಡಲದಲ್ಲಿ ಹೇಗೆ ಜೋಡಿಸಬೇಕು?" ಎಂದು ಕೇಳಿದೆ. "ಸರಣಿಯಲ್ಲಿ ಸಾರ್" ಎಂದ, ಬಾಯಿಪಾಠದ ಧಾಟಿಯಲ್ಲಿ. "ಹಾಗಾದರೆ ಜೋಡಿಸು" ಎಂದಾಗ ಮೀಟರಿನ ಎರಡು ಕಡ್ಡಿಗಳನ್ನೂ ನೇರವಾಗಿ ಬ್ಯಾಟರಿಯ ಎರಡು ತುದಿಗಳತ್ತ ಒಯ್ದ. ಕೈ ಹಿಡಿದು ನಿಲ್ಲಿಸಿದೆ. ಅಮ್ಮೀಟರಿನ ರೋಧ ತೀರಾ ಕಡಿಮೆ. ಹಾಗೆ ಮುಟ್ಟಿಸಿದ್ದರೆ ಮೀಟರಿನ ಫ್ಯೂಸ್ ಹೋಗುತ್ತಿತ್ತು. (ನಾನೂ ಒಮ್ಮೆ ಹಾರಿಸಿದ್ದೇನೆ.)

ಸರಿಯಾದ ಕ್ರಮ ಹೀಗೆ. ಕೀಲಿ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ, ಬ್ಯಾಟರಿಯ ಋಣ ತುದಿಯ ತಂತಿಯನ್ನು ಮಾತ್ರ ಬಿಚ್ಚಬೇಕು. ಕಾರಿನ ಲೋಹದ ಮೈಯೆಲ್ಲ ಋಣ ತುದಿಗೆ ಸೇರಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಮೈಗೆ ತಾಗಿದರೆ ದೊಡ್ಡ ಕಿಡಿ. ಬ್ಯಾಟರಿಯ ಬಳಿ ಹೈಡ್ರೋಜನ್ ಅನಿಲವೂ ಇರಬಹುದು. ಮೀಟರನ್ನು 10 ಆಂಪಿಯರ್ ಮಟ್ಟಕ್ಕಿಟ್ಟು, ಬಿಚ್ಚಿದ ತಂತಿಗೂ ಋಣ ತುದಿಗೂ ನಡುವೆ ಸೇರಿಸಬೇಕು. ಆಗ ಕಾರಿಗೆ ಹೋಗುವ ಪ್ರವಾಹವೆಲ್ಲ ಮೀಟರಿನ ಮೂಲಕವೇ ಹಾಯುತ್ತದೆ. ಈ ಸ್ಥಿತಿಯಲ್ಲಿ ಕೀಲಿ ತಿರುಗಿಸಲೇಬಾರದು. ಸ್ಟಾರ್ಟರ್ ಮೋಟಾರು ಎಳೆಯುವ ನೂರಾರು ಆಂಪಿಯರನ್ನು ಮೀಟರ್ ತಾಳದು. ತಂದೆ ತಾಯಿಯರೇ, ಹಿರಿಯರು ಪಕ್ಕದಲ್ಲಿ ಇಲ್ಲದೆ ಮಕ್ಕಳು ಈ ಕೆಲಸಕ್ಕೆ ಇಳಿಯದಿರಲಿ.

ಮೀಟರ್ ಒಂದು ಆಂಪಿಯರಿಗೂ ಮೇಲೆ ತೋರಿಸಿತು. "ಸಿಕ್ತು ಸಾರ್!" ಎಂದು ಹುಡುಗ ಕುಣಿದ. ಅವಸರ ಬೇಡ ಎಂದೆ. ಈಗಿನ ಕಾರುಗಳ ಕಂಪ್ಯೂಟರುಗಳು ನಿದ್ರೆಗೆ ಜಾರಲು ಸಮಯ ಬೇಕು. ಅರ್ಧ ಗಂಟೆ ಬಿಟ್ಟು ನೋಡಿದಾಗ 0.12 ಆಂಪಿಯರಿಗೆ ಬಂದು ನಿಂತಿತ್ತು. ಗಡಿಯಾರ, ಬೀಗದ ವ್ಯವಸ್ಥೆ ಮುಂತಾದವಕ್ಕೆ ಸಾಮಾನ್ಯವಾಗಿ 0.02ರಿಂದ 0.05 ಸಾಕು.

0.12 ಎಂದರೆ ಏನು ಮಹಾ ಎನ್ನಬಹುದು. ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. 168ನ್ನು 0.12ರಿಂದ ಗುಣಿಸಿದರೆ ಸುಮಾರು 20 ಆಂಪಿಯರ್-ಗಂಟೆ. ಬ್ಯಾಟರಿಯ ಸಾಮರ್ಥ್ಯವೇ 35. ಮೊದಲ ಗುರುವಾರ ಉಳಿದ 15ರಲ್ಲಿ ಕಾರು ಹೇಗೋ ಚಾಲೂ ಆಗುತ್ತದೆ. ಆಸ್ಪತ್ರೆಗೆ ಹೋಗಿ ಬರುವ ಇಪ್ಪತ್ತು ನಿಮಿಷದಲ್ಲಿ ಆಲ್ಟರ್ನೇಟರ್ ತುಂಬುವುದು ಅದರಲ್ಲಿ ಸ್ವಲ್ಪ ಮಾತ್ರ. ಮುಂದಿನ ಗುರುವಾರಕ್ಕೆ ಬ್ಯಾಟರಿ ಬರಿದು. ಹೀಗೆ ಬರಿದಾಗಿ ನಿಂತಷ್ಟೂ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಕರಗದು. 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ಎಷ್ಟೋ ವಾಹನಗಳ ಬ್ಯಾಟರಿ ಹೋದದ್ದು ನಿಮಗೆ ನೆನಪಿರಬಹುದು.

ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ, ಮೀಟರ್ ನೋಡಿ ಮತ್ತೆ ಸಿಕ್ಕಿಸುತ್ತಾ ಹೋದೆವು. ಆರು ಫ್ಯೂಸಿಗೂ ಮೀಟರ್ ಅಲುಗಲಿಲ್ಲ. ಏಳನೆಯದನ್ನು ಕಿತ್ತಾಗ 0.02ಕ್ಕೆ ಇಳಿಯಿತು. ಅದು ಒಳಗಿನ ದೀಪಕ್ಕೂ ಹಾಡಿನ ಪೆಟ್ಟಿಗೆಗೂ ಸೇರಿದ ಫ್ಯೂಸ್. ಫ್ಯೂಸನ್ನು ಮತ್ತೆ ಹಾಕಿ ದೀಪದ ಬಲ್ಬ್ ತೆಗೆದರೆ ವ್ಯತ್ಯಾಸವಿಲ್ಲ. ಪೆಟ್ಟಿಗೆಯ ಪ್ಲಗ್ ಎಳೆದ ಕೂಡಲೇ ಇಳಿಯಿತು. ಹಿಂದಿನ ವರ್ಷ ಅಳಿಯ ಉಡುಗೊರೆಯಾಗಿ ಹಾಕಿಸಿಕೊಟ್ಟದ್ದು ಅದು. ಸದಾ ಕರೆಂಟು ಬೇಕಾದ ಹಳದಿ ತಂತಿಯನ್ನೂ, ಕೀಲಿ ತಿರುಗಿಸಿದಾಗ ಮಾತ್ರ ಬರಬೇಕಾದ ಕೆಂಪು ತಂತಿಯನ್ನೂ ಯಾರೋ ಒಟ್ಟಿಗೆ ಹೊಸೆದು ಟೇಪು ಸುತ್ತಿದ್ದರು. ಹಾಡು ನಿಂತರೂ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತಿತ್ತು.

ಎಲೆಕ್ಟ್ರಿಷಿಯನ್ ಬಂದು ಕೆಂಪು ತಂತಿಯನ್ನು ಕೀಲಿಯ ಮಂಡಲಕ್ಕೆ ಸೇರಿಸಿಕೊಟ್ಟ. ಜೊತೆಗೆ, ಬ್ಯಾಟರಿಯ ನೆತ್ತಿಯ ಮೇಲೆ ಕೂತಿದ್ದ ನಮ್ಮ ಊರಿನ ಕೆಂಪು ಧೂಳನ್ನು ಅಡುಗೆ ಸೋಡಾದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು, ಒಳಗೆ ಒಂದು ಹನಿಯೂ ಹೋಗದಂತೆ. ಆಮ್ಲದ ಪಸೆ ಬೆರೆತ ಧೂಳೂ ಎರಡು ತುದಿಗಳ ನಡುವೆ ಸಣ್ಣ ಪ್ರವಾಹಕ್ಕೆ ದಾರಿ ಕೊಡುತ್ತದೆ. ವಾರಗಟ್ಟಲೆ ಊರಿಗೆ ಹೋಗುವಾಗ ಋಣ ತುದಿಯನ್ನು ಬಿಚ್ಚಿಡಿ ಎಂದೂ ಹೇಳಿದೆ.

ಮುಂದಿನ ಗುರುವಾರ ನಾನು ಶಾಲೆಗೆ ಹೊರಟಿದ್ದೆ. ಕಾರು ಒಂದೇ ತಿರುವಿಗೆ ಚಾಲೂ ಆಯಿತು. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು.